ಹಾಡು ನಂಬರ್ ಒನ್, ಹಾಡಿದವರ ಕೈಗೆ ಎಷ್ಟು?

1961ರ ಜನವರಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಯಲ್ಲಿ ನಾಲ್ವರು ಹುಡುಗಿಯರ ಹಾಡೊಂದು ಮೊದಲ ಸ್ಥಾನಕ್ಕೆ ಬಂತು. ಗುಂಪಿನ ಹೆಸರು ಶಿರೆಲ್ಸ್. ಹಾಡು ‘ವಿಲ್ ಯು ಲವ್ ಮಿ ಟುಮಾರೊ’. ಕಪ್ಪು ಹುಡುಗಿಯರ ಗುಂಪೊಂದು ಆ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ನಾಲ್ವರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು.

ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಹುಡುಗಿಯರು ತಮ್ಮ ಕಂಪನಿಯ ಮೇಲೆ ಕೋರ್ಟಿಗೆ ಹೋದರು. ನಮ್ಮ ದುಡ್ಡು ಎಲ್ಲಿ ಅನ್ನುವುದು ಅವರ ಪ್ರಶ್ನೆ.

ದೇಶವೆಲ್ಲ ಕೇಳಿದ ಹಾಡು, ಆದರೆ ಹಾಡಿದವರ ಕೈ ಖಾಲಿ. ಇದು ಹೇಗೆ ಸಾಧ್ಯ? ಯಾರೋ ಮೋಸ ಮಾಡಿದರು ಎಂದು ಹೇಳಿ ಮುಗಿಸಬಹುದು. ಆದರೆ ಆ ಕಾಲದ ರೆಕಾರ್ಡ್ ವ್ಯಾಪಾರದಲ್ಲಿ ಯಾರೂ ಕದಿಯದೇ ಇದ್ದರೂ ದುಡ್ಡು ಹಾಡಿದವರ ಹತ್ತಿರ ಬರುತ್ತಿದ್ದದ್ದು ಕಡಿಮೆಯೇ. ವ್ಯವಸ್ಥೆಯನ್ನು ಕಟ್ಟಿದ್ದೇ ಹಾಗೆ. ಈ ಹಾಡುಗಳನ್ನು ತುಂಬಾ ಪ್ರೀತಿಸುವವನು ನಾನು. ಅದಕ್ಕೇ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಶುರುವಾದದ್ದು ನ್ಯೂಜೆರ್ಸಿಯ ಪಸೇಯಿಕ್ ಊರಿನ ಹೈಸ್ಕೂಲಿನಲ್ಲಿ, 1957ರ ಹೊತ್ತಿಗೆ. ಶರ್ಲಿ ಓವೆನ್ಸ್, ಡೋರಿಸ್ ಕೋಲಿ, ಆಡಿ ಹ್ಯಾರಿಸ್, ಬೆವರ್ಲಿ ಲೀ. ನಾಲ್ವರೂ ಗೆಳತಿಯರು. ಶಾಲೆಯ ಪ್ರತಿಭಾ ಪ್ರದರ್ಶನಕ್ಕೆ ತಾವೇ ಕೂತು ಒಂದು ಹಾಡು ಕಟ್ಟಿದರು. ಭಾನುವಾರ ಒಬ್ಬ ಹುಡುಗ ಸಿಕ್ಕ ಅಂತ ಶುರುವಾಗಿ ವಾರದ ದಿನಗಳ ಮೇಲೇ ಸಾಗುವ ಸರಳ ಹಾಡು. ಸಾಲು ಸಾಲಿಗೂ ಒಬ್ಬೊಬ್ಬರು ಮುಂದೆ ಬಂದು ಹಾಡುತ್ತಾರೆ. ಹೆಸರು ‘ಐ ಮೆಟ್ ಹಿಮ್ ಆನ್ ಎ ಸಂಡೇ’. ಈ ಹಾಡನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಅವತ್ತು ಅದನ್ನು ಕೇಳಿದ ಸಹಪಾಠಿ ಮೇರಿ ಜೇನ್ ಗ್ರೀನ್‌ಬರ್ಗ್ ಸುಮ್ನೆ ಕೂರಲಿಲ್ಲ. ಅವಳ ಅಮ್ಮ ಫ್ಲಾರೆನ್ಸ್ ಗ್ರೀನ್‌ಬರ್ಗ್‌ಗೆ ಸಂಗೀತದ ವ್ಯಾಪಾರದ ಹುಚ್ಚು ಹಿಡಿದಿತ್ತು. ನಲವತ್ತು ದಾಟಿದ ಗೃಹಿಣಿ, ಮಕ್ಕಳ ತಾಯಿ. ಟಿಯಾರಾ ಎಂಬ ಪುಟ್ಟ ಕಂಪನಿ ತೆಗೆದಿದ್ದರು. ಮಗಳು ಗೆಳತಿಯರ ಬೆನ್ನು ಹತ್ತಿದಳು. ಹುಡುಗಿಯರಿಗೆ ಮೊದಮೊದಲು ಅಷ್ಟೇನೂ ಆಸಕ್ತಿ ಇರಲಿಲ್ಲ. ಕೊನೆಗೆ ಗ್ರೀನ್‌ಬರ್ಗ್ ಮನೆಗೆ ಹೋಗಿ ನಡುಮನೆಯಲ್ಲಿ ನಿಂತು ಹಾಡಿದರು. 1958ರಲ್ಲಿ ರೆಕಾರ್ಡ್ ಬಂತು. ಡೆಕ್ಕಾ ಎಂಬ ದೊಡ್ಡ ಕಂಪನಿ ಅದನ್ನು ಎತ್ತಿಕೊಂಡು ದೇಶಕ್ಕೆಲ್ಲ ಹಂಚಿತು. ಹಾಡು ಪಟ್ಟಿಯ ಮೊದಲ ಐವತ್ತರೊಳಗೆ ಬಂತು.

ಆಮೇಲೆ ಗ್ರೀನ್‌ಬರ್ಗ್ ಟಿಯಾರಾವನ್ನು ಡೆಕ್ಕಾಗೆ 4,000 ಡಾಲರ್‌ಗೆ ಮಾರಿಬಿಟ್ಟರು. ಕಂಪನಿಯ ಜೊತೆಗೆ ಶಿರೆಲ್ಸ್ ಕರಾರೂ ಹೋಯಿತು. ಮನೆ ಮಾರಿದಾಗ ಒಳಗಿನ ಬೀರು ಮಂಚಗಳೂ ಸೇರಿ ಹೋಗುತ್ತವಲ್ಲ, ಹಾಗೆ. ಹಾಡುವವರ ಕರಾರು ಅಂದರೆ ಕಂಪನಿಯ ಆಸ್ತಿ. ಅದನ್ನು ಕೊಳ್ಳಬಹುದು, ಮಾರಬಹುದು. ಮುಂದಿನದಕ್ಕೆಲ್ಲ ಇದೇ ಬೀಗದ ಕೈ.

ಡೆಕ್ಕಾದಲ್ಲಿ ಮುಂದಿನ ಹಾಡುಗಳು ಓಡಲಿಲ್ಲ. ಅವರು ಹುಡುಗಿಯರನ್ನು ಕೈಬಿಟ್ಟರು. ಗ್ರೀನ್‌ಬರ್ಗ್ 1959ರಲ್ಲಿ ಸೆಪ್ಟರ್ ರೆಕಾರ್ಡ್ಸ್ ಎಂಬ ಹೊಸ ಕಂಪನಿ ತೆರೆದು ಅವರನ್ನು ಮತ್ತೆ ಕರೆದುಕೊಂಡರು. ಒಬ್ಬ ಹೆಂಗಸು ತಾನೇ ಮಾಲಿಕಳಾಗಿ ರೆಕಾರ್ಡ್ ಕಂಪನಿ ನಡೆಸಿದ್ದು ಆ ಕಾಲಕ್ಕೆ ತೀರಾ ಅಪರೂಪ. ಮುಂದೆ ಗಾಯಕಿ ಡಿಯಾನ್ ವಾರ್ವಿಕ್ ಹೆಸರು ಮಾಡಿದ್ದೂ ಇದೇ ಸೆಪ್ಟರ್‌ನಿಂದ. ಗ್ರೀನ್‌ಬರ್ಗ್ ಅವರ ಎದೆಗಾರಿಕೆಯನ್ನು ನಾನು ಯಾವತ್ತೂ ಕಡೆಗಣಿಸುವುದಿಲ್ಲ.

ಈಗ ನ್ಯೂಯಾರ್ಕಿನ 1650, ಬ್ರಾಡ್‌ವೇ ಎಂಬ ಕಟ್ಟಡಕ್ಕೆ ಬನ್ನಿ. ಸೆಪ್ಟರ್ ಆಫೀಸು ಇಲ್ಲಿತ್ತು. ಡಾನ್ ಕಿರ್ಷನರ್ ಅವರ ಆಲ್ಡನ್ ಮ್ಯೂಸಿಕ್ ಕೂಡ ಇದೇ ಕಟ್ಟಡದಲ್ಲಿತ್ತು. ಆಲ್ಡನ್ ರೆಕಾರ್ಡ್ ಮಾಡುವ ಕಂಪನಿಯಲ್ಲ, ಹಾಡು ಬರೆಸುವ ಕಂಪನಿ. ಚಿಕ್ಕ ಚಿಕ್ಕ ಕೋಣೆಗಳು, ಒಂದೊಂದರಲ್ಲೂ ಒಂದು ಪಿಯಾನೊ, ಕೂತು ಹಾಡು ಕಟ್ಟುವ ಹರೆಯದ ಹುಡುಗ ಹುಡುಗಿಯರು. ಕೆರೋಲ್ ಕಿಂಗ್ ಅಲ್ಲಿ ರಾಗ ಹಾಕುತ್ತಿದ್ದರು. ವಯಸ್ಸು ಹದಿನೆಂಟು, ಆಗಲೇ ಒಂದು ಮಗುವಿನ ತಾಯಿ. ಗಂಡ ಜೆರಿ ಗಾಫಿನ್ ಹಗಲು ಕೆಮಿಸ್ಟ್ ಕೆಲಸ ಮಾಡಿ ಸಂಜೆ ಸಾಹಿತ್ಯ ಬರೆಯುತ್ತಿದ್ದರು. ‘ವಿಲ್ ಯು ಲವ್ ಮಿ ಟುಮಾರೊ’ ಈ ಜೋಡಿಯದು.

ಇದನ್ನು ಮೊದಲು ಕೇಳಿದಾಗ ಶರ್ಲಿ ಓವೆನ್ಸ್‌ಗೆ ಇಷ್ಟವಾಗಲಿಲ್ಲ. ಇದು ಹಳ್ಳಿಗಾಡಿನ ಬಿಳಿಯರ ಕಂಟ್ರಿ ಹಾಡಿನ ಹಾಗಿದೆ, ನಮ್ಮದಲ್ಲ ಅಂದರು. ನಿರ್ಮಾಪಕ ಲೂಥರ್ ಡಿಕ್ಸನ್ ಒಪ್ಪಿಸಿದರು. ಪಿಟೀಲುಗಳ ಭಾಗವನ್ನು ಕೆರೋಲ್ ಕಿಂಗ್ ತಾವೇ ಬರೆದರು.

ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೂರು ನಿಮಿಷವೂ ಇಲ್ಲದ ಹಾಡು. ಡ್ರಮ್ ಒಂದೇ ಲಯದಲ್ಲಿ ಹೋಗುತ್ತಿರುತ್ತದೆ. ಶರ್ಲಿ ಅವರ ದನಿ ಪಳಗಿದ ಗಾಯಕಿಯ ದನಿಯಂತಿಲ್ಲ, ಎಲ್ಲೂ ಮೆರೆಯುವುದಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಚೂರು ಕೆಳಗೇ ನಿಂತಂತೆ ಅನ್ನಿಸುತ್ತದೆ. ಪಕ್ಕದ ಮನೆಯ ಹುಡುಗಿ ಮನಸ್ಸಿನಲ್ಲಿದ್ದದ್ದನ್ನು ಹೇಳಲೋ ಬೇಡವೋ ಎಂದು ತಡವರಿಸಿ ಕೇಳಿದ ಹಾಗಿದೆ. ಹಿಂದಿನಿಂದ ಪಿಟೀಲುಗಳು ಗದರಿಸಿದ ಹಾಗೆ ಒತ್ತಿ ಬರುತ್ತವೆ, ಇವರು ಮಾತ್ರ ಕದಲುವುದಿಲ್ಲ. ಇವತ್ತು ನೀನು ನನ್ನವನು ಸರಿ, ನಾಳೆ? ಇಷ್ಟೇ ಪ್ರಶ್ನೆ. ಆ ಹಾಡಿನ ಜೀವ ಇರುವುದು ಆ ದನಿಯ ಅಳುಕಿನಲ್ಲಿ. ಬೇರೆ ಯಾರೇ ಹಾಡಿದ್ದರೂ ಹೀಗೆ ಆಗುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಆ ಅಳುಕಿಗೆ ಕಾನೂನಿನಲ್ಲಿ ಬೆಲೆ ಎಷ್ಟು?

ಒಂದು ರೆಕಾರ್ಡ್ ಕೈಗೆತ್ತಿಕೊಂಡರೆ ಅದು ಒಂದು ವಸ್ತುವಿನ ಹಾಗೆ ಕಾಣುತ್ತದೆ. ಕಾನೂನಿನ ಕಣ್ಣಿಗೆ ಅದರಲ್ಲಿ ಎರಡು ಆಸ್ತಿ ಇದೆ. ಒಂದು ಹಾಡು, ಅಂದರೆ ಸಾಹಿತ್ಯ ಮತ್ತು ರಾಗ. ಅದು ಬರೆದವರದು, ಮತ್ತು ಬರೆಸಿದ ಪಬ್ಲಿಷಿಂಗ್ ಕಂಪನಿಯದು. ಇನ್ನೊಂದು ರೆಕಾರ್ಡಿಂಗ್, ಅಂದರೆ ಅವತ್ತು ಸ್ಟುಡಿಯೋದಲ್ಲಿ ಟೇಪಿನ ಮೇಲೆ ಬಿದ್ದ ಶಬ್ದ. ಅದು ರೆಕಾರ್ಡ್ ಕಂಪನಿಯದು. ಈ ಕಂಪನಿಗಳನ್ನು ಲೇಬಲ್ ಅಂತ ಕರೆಯುವುದೂ ರೆಕಾರ್ಡ್ ತಟ್ಟೆಯ ನಡುವೆ ಅಂಟಿಸುವ ದುಂಡನೆಯ ಕಾಗದದಿಂದಲೇ. ಹಾಗಾದರೆ ಹಾಡಿದವರದು ಯಾವುದು? ಕರಾರಿನಲ್ಲಿ ಏನು ಬರೆದಿದೆಯೋ ಅದು ಮಾತ್ರ.

ಹಾಡು ಬರೆದವರ ಪಾಲು ಸಸಾರ. ಅಮೆರಿಕದ 1909ರ ಕಾನೂನು ಅದನ್ನು ನಿಗದಿ ಮಾಡಿತ್ತು. ತಟ್ಟೆಯ ಮೇಲಿನ ಒಂದೊಂದು ಹಾಡಿಗೆ ಪ್ರತಿಯೊಂದಕ್ಕೆ 2 ಸೆಂಟ್. ಈ ದರ 1970ರ ದಶಕದ ಕೊನೆಯವರೆಗೂ ಬದಲಾಗಲಿಲ್ಲ. ಹಾಡಿದವರ ಪಾಲಿಗೆ ಇಂಥ ಕಾನೂನೇ ಇರಲಿಲ್ಲ. ಕಂಪನಿ ಎಷ್ಟಕ್ಕೆ ಸಹಿ ಹಾಕಿಸಿಕೊಂಡರೆ ಅಷ್ಟು. ಆಗ ಹೊಸಬರಿಗೆ ಸಿಗುತ್ತಿದ್ದದ್ದು ಬೆಲೆಯ ನೂರಕ್ಕೆ ಐದು ಪಾಲಿನ ಒಳಗೇ. ಅದೂ ಮಾರಾಟವಾದ ನೂರಕ್ಕೆ ತೊಂಬತ್ತು ಪ್ರತಿಗೆ ಮಾತ್ರ ಅನ್ನುವ ಷರತ್ತು ಸಾಮಾನ್ಯ. ಹಿಂದೆ ತಟ್ಟೆಗಳು ಸಾಗಿಸುವಾಗ ಒಡೆಯುತ್ತಿದ್ದವು, ಅದಕ್ಕೆ ನೂರಕ್ಕೆ ಹತ್ತು ಮುರಿದುಕೊಳ್ಳುತ್ತಿದ್ದರು. ಒಡೆಯದ ಪ್ಲಾಸ್ಟಿಕ್ ತಟ್ಟೆಗಳು ಬಂದವು, ಆದರೆ ಮುರಿದುಕೊಳ್ಳುವುದು ನಿಲ್ಲಲಿಲ್ಲ!

ಅರ್ಥವಾಗಲಿ ಎಂದು ಒಂದು ಲೆಕ್ಕ ಮಾಡೋಣ. ಕಾನೂನಿನ 2 ಸೆಂಟ್ ಬಿಟ್ಟರೆ ಉಳಿದ ಅಂಕಿಗಳು ನಾನೇ ಇಟ್ಟುಕೊಂಡವು, ಶಿರೆಲ್ಸ್ ಅವರ ನಿಜವಾದ ಲೆಕ್ಕವಲ್ಲ. ತಟ್ಟೆಯ ಬೆಲೆ 1 ಡಾಲರ್. ಹಾಡಿದವರ ಪಾಲು ನೂರಕ್ಕೆ 3. ಹತ್ತು ಲಕ್ಷ ಪ್ರತಿ ಮಾರಾಟವಾಯಿತು ಅಂದುಕೊಳ್ಳಿ. ಒಡೆದದ್ದು ಅಂತ ಲಕ್ಷ ಪ್ರತಿ ಕಳೆದರೆ ಒಂಬತ್ತು ಲಕ್ಷಕ್ಕೆ 27,000 ಡಾಲರ್. ಕಡಿಮೆಯೇನಲ್ಲ ಅಲ್ವಾ?

ಇರಿ. ಸ್ಟುಡಿಯೋ ಬಾಡಿಗೆ, ಪಿಟೀಲಿನವರ ಸಂಬಳ, ವಾದ್ಯಗಳ ಭಾಗ ಬರೆದವರ ಕೂಲಿ, ಇದೆಲ್ಲ ಮೊದಲು ಕಂಪನಿ ಕೊಡುತ್ತದೆ. ಆಮೇಲೆ ಹಾಡಿದವರ ಪಾಲಿನಿಂದ ಮುರಿದುಕೊಳ್ಳುತ್ತದೆ. ಓಡದೇ ಹೋದ ಹಾಡುಗಳ ಖರ್ಚೂ ಇದೇ ಖಾತೆಗೆ. ಹಾಗಾಗಿ ವರ್ಷದಲ್ಲಿ ನಾಲ್ಕು ಸಲ ಸ್ಟುಡಿಯೋಗೆ ಹೋಗಿ ಒಟ್ಟು 10,000 ಡಾಲರ್ ಖರ್ಚಾಗಿದ್ದರೆ ಉಳಿದದ್ದು 17,000. ನಾಲ್ವರಿಗೆ ಹಂಚಿದರೆ ತಲೆಗೆ 4,250. ಅದರಲ್ಲೂ ವೇದಿಕೆಯ ಬಟ್ಟೆ, ಪ್ರವಾಸದ ಖರ್ಚು, ಮೊದಲೇ ಕೊಟ್ಟ ಮುಂಗಡ ಹೋಗಬೇಕು. ಟೇಪಿಗೆ ದುಡ್ಡು ಕಟ್ಟಿದ್ದು ಹುಡುಗಿಯರೇ ಆದ ಹಾಗಾಯಿತು. ಆದರೂ ಟೇಪು ಕಂಪನಿಯದೇ! ಸಾಲ ತೀರಿಸಿದ ಮೇಲೂ ಮನೆ ಬ್ಯಾಂಕಿನ ಹೆಸರಿನಲ್ಲೇ ಉಳಿದಂತೆ. ಈ ವ್ಯಾಪಾರದಲ್ಲಿ ನನಗೆ ಹೆಚ್ಚು ಸಂಕಟವಾಗುವುದು ಇಲ್ಲೇ.

ಈಗ ಹಾಡು ಬರೆದ ಕಡೆ ನೋಡಿ. ತಟ್ಟೆಗೆ ಎರಡು ಮುಖ, ಎರಡು ಹಾಡು. ಹತ್ತು ಲಕ್ಷ ಪ್ರತಿಗೆ ತಲಾ 20,000, ಒಟ್ಟು 40,000 ಡಾಲರ್. ಸ್ಟುಡಿಯೋ ಖರ್ಚು ಮುರಿಯುವಂತಿಲ್ಲ. ಇನ್ನೊಂದು ಸಂಗತಿ ಗಮನಿಸಿ. ಜನ ತಟ್ಟೆ ಕೊಂಡದ್ದು ಒಂದು ಮುಖದ ಹಾಡಿಗಾಗಿ. ಹಿಂದಿನ ಮುಖದ ಹಾಡನ್ನು ಒಮ್ಮೆಯೂ ಕೇಳದಿದ್ದರೂ ಅದಕ್ಕೂ ಅಷ್ಟೇ 2 ಸೆಂಟ್. ಹಾಗಾಗಿ ನಿರ್ಮಾಪಕರು ಹಿಂದಿನ ಮುಖಕ್ಕೆ ತಾವೇ ಬರೆದ ಹಾಡು ಹಾಕುವುದು ರೂಢಿ. ‘ವಿಲ್ ಯು ಲವ್ ಮಿ ಟುಮಾರೊ’ ಹಿಂದೆ ಇದ್ದದ್ದು ‘ಬಾಯ್ಸ್’. ಬರೆದವರು ಲೂಥರ್ ಡಿಕ್ಸನ್ ಮತ್ತು ವೆಸ್ ಫ್ಯಾರೆಲ್. 1963ರಲ್ಲಿ ಬೀಟಲ್ಸ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಇದೇ ‘ಬಾಯ್ಸ್’ ಹಾಡಿದರು. ಶಿರೆಲ್ಸ್ ಅವರ ಇನ್ನೊಂದು ಹಾಡು ‘ಬೇಬಿ ಇಟ್ಸ್ ಯು’ ಕೂಡ ಹಾಡಿದರು. ಬೀಟಲ್ಸ್ ತಟ್ಟೆಗಳು ಮಾರಾಟವಾದಾಗಲೆಲ್ಲ ಹಾಡು ಬರೆದವರಿಗೆ ದುಡ್ಡು ಬಂತು. ಆ ಹಾಡುಗಳನ್ನು ಮೊದಲು ಹಾಡಿ ಜನರ ಕಿವಿಗೆ ಮುಟ್ಟಿಸಿದ ಹುಡುಗಿಯರಿಗೆ ಅದರಲ್ಲಿ ಪಾಲಿಲ್ಲ.

ರೇಡಿಯೋ ಕತೆಯೂ ಹೀಗೇ. ಅಮೆರಿಕದ ಸಾಮಾನ್ಯ ರೇಡಿಯೋ ನಿಲಯಗಳು ಹಾಡು ಹಾಕಿದಾಗ ಬರೆದವರಿಗೆ ಕಾಸು ಕೊಡಬೇಕು, ಹಾಡಿದವರಿಗೆ ಕೊಡಬೇಕಾಗಿಲ್ಲ. ಇವತ್ತಿಗೂ ಅಷ್ಟೇ.

ಕಂಪನಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಸೆಪ್ಟರ್‌ನಂಥ ಸಣ್ಣ ಲೇಬಲ್‌ಗೆ ಹಿಟ್ ಹಾಡು ಅಂದರೆ ಖುಷಿಯ ಜೊತೆ ಭಯ. ತಟ್ಟೆ ಅಚ್ಚು ಹಾಕುವ ಕಾರ್ಖಾನೆಗೆ ದುಡ್ಡು ಬೇಗ ಕೊಡಬೇಕು. ಊರೂರಿನ ವಿತರಕರು ಮಾತ್ರ ತಿಂಗಳುಗಟ್ಟಲೆ ಬಾಕಿ ಇಡುತ್ತಾರೆ. ನಿಮ್ಮ ಹತ್ತಿರ ಮುಂದಿನ ಹಿಟ್ ಬಂದರೆ ಹಳೇ ಬಾಕಿ ತೀರುತ್ತದೆ, ಬಾರದಿದ್ದರೆ ಇಲ್ಲ. ಹೀಗೆ ಒಂದು ಹಾಡಿನ ದುಡ್ಡು ಮುಂದಿನ ಹಾಡಿಗೆ ಹೋಗುತ್ತದೆ. ಈ ಸರಪಳಿಯಲ್ಲಿ ಕಾಯಿಸಬಹುದಾದವರು ಯಾರು? ಕಾರ್ಖಾನೆಯವನು ಕಾಯುವುದಿಲ್ಲ. ಶಾಲೆ ಬಿಟ್ಟು ಬಂದ ಹುಡುಗಿಯರು ಕಾಯುತ್ತಾರೆ.

ಶಿರೆಲ್ಸ್ ಕಾದರು. ಹುಡುಗಿಯರ ಕಣ್ಣಿಗೆ ಗ್ರೀನ್‌ಬರ್ಗ್ ಬರೀ ಕಂಪನಿಯ ಮಾಲಿಕಳಾಗಿ ಕಾಣಲಿಲ್ಲ, ತಾಯಿಯ ಜಾಗದಲ್ಲಿದ್ದರು. ನಿಮ್ಮ ದುಡ್ಡನ್ನು ಟ್ರಸ್ಟಿನಲ್ಲಿ ಇಟ್ಟಿದ್ದೇವೆ, ಇಪ್ಪತ್ತೊಂದು ತುಂಬಿದಾಗ ಕೈಗೆ ಬರುತ್ತದೆ ಎಂಬ ಭರವಸೆ ಸಿಕ್ಕಿತ್ತು ಎಂದು ಹುಡುಗಿಯರು ಹೇಳಿದರು. ಈ ನಡುವೆ ಹಿಟ್ ಮೇಲೆ ಹಿಟ್. 1959ರಲ್ಲಿ ಓಡದ ‘ಡೆಡಿಕೇಟೆಡ್ ಟು ದಿ ಒನ್ ಐ ಲವ್’ 1961ರಲ್ಲಿ ಮತ್ತೆ ಬಿಟ್ಟಾಗ ಮೂರನೇ ಸ್ಥಾನಕ್ಕೆ ಏರಿತು. 1962ರಲ್ಲಿ ‘ಸೋಲ್ಜರ್ ಬಾಯ್’ ಮತ್ತೆ ನಂಬರ್ ಒನ್. ಒಂದು ರೆಕಾರ್ಡಿಂಗ್ ಮುಗಿದು ಕೆಲವೇ ನಿಮಿಷ ಉಳಿದಿತ್ತಂತೆ, ಆಗ ಹಾಡಿ ಮುಗಿಸಿದ್ದು ಇದು. ಬರೆದವರು ಯಾರು ಅಂದರೆ ಡಿಕ್ಸನ್ ಮತ್ತು ಗ್ರೀನ್‌ಬರ್ಗ್. ಅಂದರೆ ರೆಕಾರ್ಡಿಂಗ್ ಕಡೆಯಿಂದಲೂ ಹಾಡಿನ ಕಡೆಯಿಂದಲೂ ದುಡ್ಡು ಸೆಪ್ಟರ್ ಬಾಗಿಲಿಗೇ ಬಂತು.

ಇಪ್ಪತ್ತೊಂದು ತುಂಬಿತು. ಹುಡುಗಿಯರು ಕೇಳಿದರು. ಟ್ರಸ್ಟು ಇರಲಿಲ್ಲ. ರೆಕಾರ್ಡಿಂಗು, ಪ್ರಚಾರ, ಪ್ರವಾಸ ಎಂದು ಎಲ್ಲ ಖರ್ಚಾಗಿದೆ ಅನ್ನುವ ಉತ್ತರ ಬಂತು. ಅವರು ಕಂಪನಿ ಬಿಟ್ಟು ದಾವೆ ಹಾಕಿದರು. ಕರಾರು ಮುರಿದಿದ್ದೀರಿ ಎಂದು ಕಂಪನಿ ತಿರುಗಿ ದಾವೆ ಹಾಕಿತು. 1965ರಲ್ಲಿ ರಾಜಿಯಾಯಿತು. ಅಷ್ಟರೊಳಗೆ ಕಾಲ ಕೈಬಿಟ್ಟಿತ್ತು. 1964ರಿಂದ ರೇಡಿಯೋ ತುಂಬ ಬೀಟಲ್ಸ್ ಮತ್ತು ಅವರ ಹಿಂದೆ ಬಂದ ಬ್ರಿಟಿಷ್ ಗುಂಪುಗಳು.

ಇಷ್ಟು ದುಡ್ಡಿನ ಮಾತಾಯಿತು. ಕಂಪನಿಯ ಕೈಯಲ್ಲಿ ಇನ್ನೊಂದು ಇತ್ತು, ಗುಂಪಿನ ಹೆಸರು. ಇದನ್ನು ಬಲ್ಲವರು ಫಿಲೆಸ್ ರೆಕಾರ್ಡ್ಸ್ ನಡೆಸಿದ ಫಿಲ್ ಸ್ಪೆಕ್ಟರ್. 1961ರಲ್ಲಿ ಲೆಸ್ಟರ್ ಸಿಲ್ ಜೊತೆ ಸೇರಿ, ಫಿಲ್ ಮತ್ತು ಲೆಸ್ ಎಂಬ ಎರಡು ಹೆಸರು ಕೂಡಿಸಿ ಕಟ್ಟಿದ ಕಂಪನಿ. ಅವರ ಮೊದಲ ಗುಂಪು ಬ್ರೂಕ್ಲಿನ್‌ನ ಹುಡುಗಿಯರದು, ಕ್ರಿಸ್ಟಲ್ಸ್.

1962ರಲ್ಲಿ ಸ್ಪೆಕ್ಟರ್ ಕೈಗೆ ‘ಹೀ ಈಸ್ ಎ ರೆಬೆಲ್’ ಎಂಬ ಹಾಡು ಸಿಕ್ಕಿತು. ಇನ್ನೊಂದು ಕಂಪನಿಯೂ ಅದೇ ಹಾಡು ರೆಕಾರ್ಡ್ ಮಾಡುತ್ತಿತ್ತು, ಯಾರು ಮೊದಲು ಮಾರುಕಟ್ಟೆಗೆ ಬಂದರೆ ಅವರದೇ ಗೆಲುವು. ಸ್ಪೆಕ್ಟರ್ ಇದ್ದದ್ದು ಲಾಸ್ ಏಂಜಲಿಸ್‌ನಲ್ಲಿ, ಕ್ರಿಸ್ಟಲ್ಸ್ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ. ಅವರನ್ನು ಕರೆಸುವ ಗೋಜಿಗೆ ಹೋಗಲಿಲ್ಲ. ಗೋಲ್ಡ್ ಸ್ಟಾರ್ ಸ್ಟುಡಿಯೋಗೆ ಸ್ಥಳೀಯ ಗುಂಪು ಬ್ಲಾಸಮ್ಸ್ ಅನ್ನು ಕರೆಸಿದರು. ಅದರ ಮುಖ್ಯ ಗಾಯಕಿ ಡಾರ್ಲೀನ್ ಲವ್ ಹಾಡಿದರು. ತಟ್ಟೆಯ ಮೇಲೆ ಅಚ್ಚಾದ ಹೆಸರು ಮಾತ್ರ ಕ್ರಿಸ್ಟಲ್ಸ್. ನವೆಂಬರ್‌ನಲ್ಲಿ ಹಾಡು ನಂಬರ್ ಒನ್ ಆಯಿತು.

ನಮಗೆ ಹಿನ್ನೆಲೆ ಗಾಯನ ಹೊಸತಲ್ಲ. ಪರದೆಯ ಮೇಲೆ ತುಟಿ ಆಡಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು. ಆದರೆ ನಮ್ಮಲ್ಲಿ ಹಾಡಿದವರ ಹೆಸರು ಕ್ಯಾಸೆಟ್ಟಿನ ಮೇಲೆ ಇರುತ್ತಿತ್ತು, ಅವರ ಹೆಸರು ನೋಡಿಯೇ ಕೊಳ್ಳುವವರೂ ಇದ್ದರು. ಇಲ್ಲಿ ಹಾಡಿದವರ ಹೆಸರು ಎಲ್ಲೂ ಇಲ್ಲ. ಹಾಡದವರು ‘ತಮ್ಮ’ ಹೊಸ ಹಾಡನ್ನು ರೇಡಿಯೋದಲ್ಲಿ ಕೇಳಿ ತಿಳಿದುಕೊಂಡರು. ಇನ್ನು ಅದನ್ನು ವೇದಿಕೆಯ ಮೇಲೆ ಹಾಡಲೇಬೇಕು, ಜನ ಅದನ್ನೇ ಕೇಳುತ್ತಾರೆ. ಕ್ರಿಸ್ಟಲ್ಸ್ ಮುಖ್ಯ ಗಾಯಕಿ ಬಾರ್ಬರಾ ಆಲ್‌ಸ್ಟನ್ ಅವರ ದನಿ ಮೃದು, ಡಾರ್ಲೀನ್ ದನಿಗೆ ಹತ್ತಿರವೂ ಬಾರದು. ಹಾಗಾಗಿ ಗುಂಪಿನ ಚಿಕ್ಕ ಹುಡುಗಿ, ಹದಿನೈದರ ಲಾ ಲಾ ಬ್ರೂಕ್ಸ್, ಬೇರೆಯವರ ದನಿಯೊಂದನ್ನು ಕಲಿತು ದಿನವೂ ಹಾಡಬೇಕಾಯಿತು. ಡಾರ್ಲೀನ್ ಹಾಡಿದ ಮುಂದಿನ ಹಾಡು ‘ಹೀ ಈಸ್ ಶ್ಯೂರ್ ದಿ ಬಾಯ್ ಐ ಲವ್’. ಅದಕ್ಕಾದರೂ ತಮ್ಮ ಹೆಸರು ಬರುತ್ತದೆ ಎಂದು ಅವರು ನಂಬಿದ್ದರು. ಅದೂ ಕ್ರಿಸ್ಟಲ್ಸ್ ಹೆಸರಿನಲ್ಲೇ ಹೊರಬಂತು.

ಕೆಡುಕು ಎರಡೂ ಕಡೆಗಾಯಿತು. ಒಬ್ಬರ ದನಿ ಹೋಯಿತು, ಇನ್ನೊಬ್ಬರ ಹೆಸರು ಹೋಯಿತು. ಹುಡುಗರ ಗುಂಪುಗಳಿಗೂ ಇದು ತಪ್ಪಲಿಲ್ಲ. ಡ್ರಿಫ್ಟರ್ಸ್ ಹೆಸರು ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್ ಅವರದಾಗಿತ್ತು. 1958ರಲ್ಲಿ ಅವರು ಇಡೀ ಗುಂಪನ್ನು ಮನೆಗೆ ಕಳಿಸಿ, ಬೇರೆ ಗುಂಪೊಂದನ್ನು ತಂದು ಇನ್ನು ನೀವೇ ಡ್ರಿಫ್ಟರ್ಸ್ ಅಂದರು.

ಈ ಕರಾರುಗಳಿಗೆ ನ್ಯಾಯಾಲಯ ಏನು ಹೇಳಿತು? ಅದಕ್ಕೆ ರೋನೆಟ್ಸ್ ಮೊಕದ್ದಮೆ ನೋಡಬೇಕು. ರೋನಿ ಮತ್ತು ಎಸ್ಟೆಲ್ ಬೆನೆಟ್ ಅಕ್ಕತಂಗಿಯರು, ಜೊತೆಗೆ ಸಂಬಂಧಿ ನೆಡ್ರಾ ಟ್ಯಾಲಿ. 1963ರಲ್ಲಿ ಫಿಲೆಸ್ ಜೊತೆ ಐದು ವರ್ಷದ ಕರಾರಿಗೆ ಸಹಿ ಹಾಕಿದರು. ಅದೇ ವರ್ಷ ‘ಬಿ ಮೈ ಬೇಬಿ’ ಬಂದು ಎರಡನೇ ಸ್ಥಾನಕ್ಕೆ ಏರಿತು. ಆ ಹಾಡಿನ ಮೊದಲ ಡ್ರಮ್ ಪೆಟ್ಟುಗಳನ್ನು ಅಮೆರಿಕದವರು ನಿದ್ದೆಯಲ್ಲೂ ಗುರುತಿಸುತ್ತಾರೆ. ಮೂವರಿಗೂ ಸೇರಿ ಸಿಕ್ಕಿದ್ದು ಸುಮಾರು 15,000 ಡಾಲರ್ ಮುಂಗಡ. ಆಮೇಲೆ ರಾಯಲ್ಟಿ, ಅಂದರೆ ಮಾರಾಟದ ಪಾಲು, ಅಂತ ಏನೂ ಬರಲಿಲ್ಲ. 1967ರಲ್ಲಿ ಗುಂಪು ಒಡೆಯಿತು. ಇಪ್ಪತ್ತು ವರ್ಷ ಕಳೆದು ಹಳೇ ಹಾಡುಗಳು ಸಿನಿಮಾಗಳಲ್ಲಿ, ಜಾಹೀರಾತುಗಳಲ್ಲಿ ಮತ್ತೆ ಜೀವ ತಳೆದಾಗ ಅವರು ದಾವೆ ಹಾಕಿದರು.

ಕೆಳಗಿನ ಕೋರ್ಟು ಸುಮಾರು 30 ಲಕ್ಷ ಡಾಲರ್ ಕೊಡಿ ಎಂದಿತು. 2002ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಅದನ್ನು ತಿದ್ದಿತು. ಕರಾರಿನಲ್ಲಿ ರೆಕಾರ್ಡಿಂಗ್ ಪೂರ್ತಿ ಕಂಪನಿಯದು ಎಂದಿದೆ, ಯಾವ ಮಿತಿಯನ್ನೂ ಬರೆದಿಲ್ಲ. ಹಾಗಾಗಿ ಸಿನಿಮಾಕ್ಕೆ ಮಾರುವ ಹಕ್ಕೂ ಅವರದೇ, ಸಹಿ ಹಾಕುವಾಗ ಇನ್ನೂ ಹುಟ್ಟಿಯೇ ಇರದ ತಂತ್ರಜ್ಞಾನಕ್ಕೂ ಇದೇ ಮಾತು. ತಟ್ಟೆಗಳ ಮಾರಾಟಕ್ಕೆ ಕರಾರಿನ ಪ್ರಕಾರ ರಾಯಲ್ಟಿ ಮಾತ್ರ ಕೊಡಲೇಬೇಕು. ಹುಡುಗಿಯರ ಕಷ್ಟದ ಬಗ್ಗೆ ಕನಿಕರವಿದ್ದರೂ ಬರೆದ ಕರಾರನ್ನು ಬದಲಿಸಲಾಗದು ಎಂಬ ಧಾಟಿಯ ತೀರ್ಪು ಅದು. ಕಾನೂನಿನ ತರ್ಕ ನನಗೂ ಅರ್ಥವಾಗುತ್ತದೆ. ಆದರೆ 1963ರಲ್ಲಿ ಆ ಮೂವರ ಮುಂದೆ ಕಾಗದ ಇಟ್ಟಾಗ ಇದೆಲ್ಲ ಅವರಿಗೆ ಹೊಳೆಯಲು ಸಾಧ್ಯವಿತ್ತೇ?

ಒಂದಷ್ಟು ಬದಲಾಗಿದೆ. ಅಮೆರಿಕದ ಕೇಂದ್ರ ಕಾಪಿರೈಟ್ ಕಾನೂನು 1972ರ ಫೆಬ್ರವರಿ 15ಕ್ಕಿಂತ ಹಿಂದಿನ ರೆಕಾರ್ಡಿಂಗ್‌ಗಳನ್ನು ಬಹುಕಾಲ ಹೊರಗೇ ಇಟ್ಟಿತ್ತು. 2018ರ ಹೊಸ ಕಾನೂನಿನಿಂದ ಆ ಹಳೇ ಹಾಡುಗಳು ಇಂಟರ್ನೆಟ್ ಮತ್ತು ಉಪಗ್ರಹ ರೇಡಿಯೋದಲ್ಲಿ ಬಂದಾಗ ಹಾಡಿದವರಿಗೂ ಪಾಲು ಸಿಗುವಂತಾಯಿತು. ಅಷ್ಟರಲ್ಲಿ ಶಿರೆಲ್ಸ್ ನಾಲ್ವರಲ್ಲಿ ಇಬ್ಬರು ಇರಲಿಲ್ಲ. ಆಡಿ ಹ್ಯಾರಿಸ್ 1982ರಲ್ಲಿ ತೀರಿಕೊಂಡರು, ಡೋರಿಸ್ ಕೋಲಿ 2000ದಲ್ಲಿ.

ಈಗ ಆ ಮೊದಲ ಹಾಡಿಗೆ ಬರುತ್ತೇನೆ. ಶಾಲೆಯ ವೇದಿಕೆಗೆಂದು ಕಟ್ಟಿದ ‘ಐ ಮೆಟ್ ಹಿಮ್ ಆನ್ ಎ ಸಂಡೇ’. ಅದನ್ನು 1971ರಲ್ಲಿ ಗಾಯಕಿ ಲಾರಾ ನೀರೊ ತಮ್ಮ ಆಲ್ಬಮ್ಮಿನಲ್ಲಿ ಲಬೆಲ್ ಗುಂಪಿನೊಂದಿಗೆ ಹಾಡಿದರು. ಆ ಹಾಡಿನ ತಟ್ಟೆ ಎಲ್ಲಾದರೂ ಸಿಕ್ಕರೆ ನಡುವಿನ ದುಂಡನೆ ಕಾಗದ ನೋಡಿ. ಹಾಡಿನ ಹೆಸರಿನ ಕೆಳಗೆ, ಬರೆದವರ ಹೆಸರು ಹಾಕುವ ಜಾಗದಲ್ಲಿ, ಸಣ್ಣಕ್ಷರದಲ್ಲಿ ನಾಲ್ಕು ಹೆಸರು ಇರಬೇಕು: ಕೋಲಿ, ಹ್ಯಾರಿಸ್, ಲೀ, ಓವೆನ್ಸ್.